ಅರವತ್ತಕ್ಕೆ ಅರವತ್ತು

ಗಾಡಿಯ ವೇಗ ತೋರಿಸುವ ಮುಳ್ಳು ದಾರಿ ತಪ್ಪಿದರೆ ಆ ಊರಿನಲ್ಲಿ ಹೋಗಬೇಕಾದ ಜಾಗ ಒಂದೇ. ಟೈರ್ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಇಬ್ಬರೂ ಬೇಡವೆಂದು ಬಿಟ್ಟ ಹಾಗಿದ್ದ ಏಳಡಿ ಅಗಲದ ಮಳಿಗೆ. ಒಳಗೆ ಒಂದು ಮೇಜು, ಮೇಜಿನ ಮೇಲೆ ಕತ್ತು ಬಗ್ಗಿಸಿದ ದೀಪ, ದೀಪದ ಕೆಳಗೆ ಅದರ ಹಾಗೇ ಕತ್ತು ಬಗ್ಗಿಸಿದ ಮುಳ್ಳು ಮೇಸ್ತ್ರಿ. ಮೂವತ್ತೆರಡು ವರ್ಷದಿಂದ ಅವನು ಸ್ಪೀಡೋಮೀಟರ್ ಬಿಟ್ಟು ಬೇರೇನನ್ನೂ ಬಿಚ್ಚಿದವನಲ್ಲ. ಮನೆಯ ಮಿಕ್ಸಿ ಕೆಟ್ಟರೆ ಹೆಂಡತಿ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬೇರೆ ಬೀದಿಗೆ ಹೋಗುತ್ತಿದ್ದಳು.

ಅವನ ಪರೀಕ್ಷೆಗೆ ಅವನೇ ಇಟ್ಟ ಹೆಸರು 'ಅರವತ್ತಕ್ಕೆ ಅರವತ್ತು'. ಊರ ಹೊರಗಿನ ಬೈಪಾಸಿನಲ್ಲಿ ಒಂಬತ್ತನೆಯ ಕಿಲೋಮೀಟರ್ ಕಲ್ಲಿನಿಂದ ಹತ್ತನೆಯ ಕಲ್ಲಿನವರೆಗೆ ರಸ್ತೆ ಗೆರೆ ಎಳೆದ ಹಾಗೆ ನೇರ. ಮುಳ್ಳನ್ನು ಅರವತ್ತರ ಮೇಲೆ ಅಲುಗದಂತೆ ನಿಲ್ಲಿಸಿಕೊಂಡು ಆ ಕಲ್ಲಿನಿಂದ ಈ ಕಲ್ಲಿಗೆ ಹೋಗಬೇಕು. ಗಂಟೆಗೆ ಅರವತ್ತು ಕಿಲೋಮೀಟರ್ ಅಂದರೆ ನಿಮಿಷಕ್ಕೆ ಒಂದು. ಸ್ಟಾಪ್‌ವಾಚು ಸರಿಯಾಗಿ ಅರವತ್ತು ಸೆಕೆಂಡ್ ತೋರಿಸಿದರೆ ಮೀಟರ್ ಸರಿ. ಹೆಚ್ಚು ಕಡಿಮೆಯಾದರೆ ವಾಪಸ್ ಬಂದು, ಮೀಟರ್ ಬಿಚ್ಚಿ, ಒಳಗಿರುವ ಕೂದಲೆಳೆಯಂಥ ಸ್ಪ್ರಿಂಗನ್ನು ಬಿಗಿ ಮಾಡಿಯೋ ಸಡಿಲ ಮಾಡಿಯೋ ಮತ್ತೆ ಹೋಗಬೇಕು. ಸರಿಯಾದ ಮೇಲೆ ಗಾಜಿನ ಮೂಲೆಗೆ ಕಡಲೆಕಾಳಿನಷ್ಟು ಒಂದು ಹಸಿರು ಚೀಟಿ ಅಂಟಿಸುತ್ತಿದ್ದ. ಆ ಚೀಟಿ ಇದ್ದ ಮೀಟರಿನ ಬಗ್ಗೆ ಪೊಲೀಸರೂ ಎರಡು ಮಾತಾಡುತ್ತಿರಲಿಲ್ಲ.

ಮೊದಲ ಇಪ್ಪತ್ತೇಳು ವರ್ಷ ಸ್ಟಾಪ್‌ವಾಚು ಹಿಡಿದು ಪಕ್ಕದ ಸೀಟಿನಲ್ಲಿ ಕೂತವಳು ಹೆಂಡತಿಯೇ. ಅವಳು ಬಟ್ಟೆ ಹೊಲಿಯುವವಳು. ಕೈಯಲ್ಲಿ ಅಳತೆಯಿತ್ತು, ಬಾಯಲ್ಲಿ ಮಾತಿತ್ತು. ಮದುವೆಯಾದ ಹೊಸದರಲ್ಲಿ 'ಗಂಡ ದಿನಾ ಕಾರಿನಲ್ಲಿ ಸುತ್ತಾಡಿಸುತ್ತಾನೆ' ಎಂದು ಅವಳ ಅಕ್ಕತಂಗಿಯರು ಹೊಟ್ಟೆ ಉರಿದುಕೊಂಡಿದ್ದರು. ದಿನಾ ಸುತ್ತುವುದು ಅದೇ ಒಂದು ಕಿಲೋಮೀಟರ್ ಎಂದು ಅವಳು ಯಾರಿಗೂ ಬಾಯಿ ಬಿಡಲಿಲ್ಲ. ಐದು ವರ್ಷದ ಹಿಂದೆ ಮಂಡಿನೋವು ಹೆಚ್ಚಾಗಿ ಗಾಡಿ ಹತ್ತಿ ಇಳಿಯುವುದು ಕಷ್ಟವಾದಾಗ ಮೇಸ್ತ್ರಿ ಸ್ಟಾಪ್‌ವಾಚನ್ನು ಸ್ಟೇರಿಂಗಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಕೊಂಡ. ಇದು ಮಾತಾಡುವುದಿಲ್ಲ, ಅಷ್ಟೇ ವ್ಯತ್ಯಾಸ ಎಂದು ಟೈರ್ ಅಂಗಡಿಯವನಿಗೆ ಹೇಳಿ ನಗಿಸಿದ.

ಅದೇ ವರ್ಷ ಬೈಪಾಸ್ ಅಗಲ ಮಾಡಿದರು. ಏಳೆಂಟು ತಿಂಗಳು ಆ ಕಡೆ ಗಾಡಿ ಬಿಡಲಿಲ್ಲ. ಬಿಟ್ಟಾಗ ಪಕ್ಕದ ಮರಗಳಿರಲಿಲ್ಲ, ರಸ್ತೆ ಎರಡರಷ್ಟು ಅಗಲವಾಗಿತ್ತು, ಕಲ್ಲುಗಳು ಹೊಸ ಬಣ್ಣದಲ್ಲಿ ಮದುಮಗನ ಹಾಗೆ ನಿಂತಿದ್ದವು. ಅಲ್ಲಿಂದಾಚೆಗೆ ಬಂದ ಗಾಡಿಗಳ ಮುಳ್ಳೆಲ್ಲ ಇದ್ದ ವೇಗಕ್ಕಿಂತ ಜಾಸ್ತಿ ತೋರಿಸುವುದು ಮೇಸ್ತ್ರಿಯ ಗಮನಕ್ಕೆ ಬಂತು. ಕಲ್ಲಿನಿಂದ ಕಲ್ಲಿಗೆ ಅರವತ್ತೈದು, ಅರವತ್ತಾರು ಸೆಕೆಂಡ್ ಆಗುತ್ತಿತ್ತು. ಅದಕ್ಕೆ ಕಾರಣವೂ ಅವನ ಜೇಬಿನಲ್ಲೇ ಇತ್ತು. ಗಾಡಿ ಮಾಡುವ ಕಂಪನಿಗಳು ಕೋರ್ಟು ಕೇಸಿಗೆ ಹೆದರಿ ಮುಳ್ಳನ್ನು ಒಂದಿಷ್ಟು ಮೇಲಕ್ಕೇ ಹತ್ತಿಸಿ ಕಳಿಸುತ್ತವೆ ಎಂಬುದು ಆ ಕಸುಬಿನವರಿಗೆಲ್ಲ ಗೊತ್ತಿದ್ದ ಸಂಗತಿ. "ಮೊದಲು ಎರಡು ಮೂರು ಹತ್ತಿಸ್ತಿದ್ರು, ಈಗ ಆರು ಹತ್ತಿಸ್ತಾರೆ. ಕಂಪನಿಗಳಿಗೂ ಪುಕ್ಕಲು ಜಾಸ್ತಿ ಆಯ್ತು," ಎಂದ. ಹಿಂದೆ ತಾನೇ ಸರಿ ಮಾಡಿದ್ದ ಗಾಡಿಗಳೂ ಹಾಗೇ ತೋರಿಸಿದಾಗ ಟೈರ್ ಸವೆದಿದೆ ಎಂದ. ಟೈರ್ ಸವೆದು ಚಕ್ರ ಕಿರಿದಾದರೂ ಮುಳ್ಳು ಮೇಲೇರುವುದು ನಿಜವೇ. ಹೀಗೆ ನಾಲ್ಕು ವರ್ಷ ಅವನು ಊರಿನ ಸ್ಪ್ರಿಂಗುಗಳನ್ನೆಲ್ಲ ಬಿಗಿ ಮಾಡಿ, ಮುಳ್ಳುಗಳನ್ನೆಲ್ಲ ಕೆಳಗಿಳಿಸಿ, ಹಸಿರು ಚೀಟಿ ಅಂಟಿಸುತ್ತ ಬಂದ. ಜಾಣನಿಗೆ ಕಾರಣ ಸಿಗುವಷ್ಟು ಸುಲಭವಾಗಿ ದಡ್ಡನಿಗೆ ಸಿಗುವುದಿಲ್ಲ.

ಅವನ ಮಾತಿಗೆ ಎಷ್ಟು ತೂಕವಿತ್ತೆಂದು ತಿಳಿಯಲು ಆಮೆಯ ವಿಷಯ ಹೇಳಬೇಕು. ಆಮೆ ಎನ್ನುವುದು ಒಬ್ಬ ಟ್ಯಾಕ್ಸಿ ಡ್ರೈವರನಿಗೆ ಸ್ಟ್ಯಾಂಡಿನವರು ಇಟ್ಟ ಹೆಸರು. ಇಪ್ಪತ್ತೈದು ವರ್ಷದಲ್ಲಿ ಊರೊಳಗೆ ಅವನ ಮುಳ್ಳು ನಲವತ್ತು ದಾಟಿದ್ದಿಲ್ಲ. ರೈಲು ಹಿಡಿಯುವ ಅವಸರ ಇದ್ದವರು ಅವನ ಗಾಡಿ ಹತ್ತುತ್ತಿರಲಿಲ್ಲ. ಬಸುರಿಯರನ್ನೂ ವಯಸ್ಸಾದವರನ್ನೂ ಮನೆಯವರು ಬೇರೆ ಯಾರ ಗಾಡಿಗೂ ಹತ್ತಿಸುತ್ತಿರಲಿಲ್ಲ. ಅಂಥವನನ್ನು ಎರಡು ವರ್ಷದ ಹಿಂದೆ ನಲವತ್ತರ ಮಿತಿಯ ರಸ್ತೆಯಲ್ಲಿ ಪೊಲೀಸರು ಮೂರು ಸಲ ಹಿಡಿದರು. ಮೂರೂ ಸಲ ಅವರ ಯಂತ್ರ ತೋರಿಸಿದ್ದು ನಲವತ್ತನಾಲ್ಕು. "ಮುಳ್ಳು ನಲವತ್ತರ ಮೇಲೇ ಇತ್ತು," ಎಂದು ಆಮೆ ಸಾರಿಗೆ ಕಚೇರಿಯಲ್ಲಿ ನಿಂತು ಅತ್ತ. ಕಚೇರಿಯವರು ಮೀಟರಿನ ಬಗ್ಗೆ ಮೇಸ್ತ್ರಿಯಿಂದ ಕಾಗದ ಕೇಳಿದರು. ಹಿಂದಿನ ವರ್ಷ ತಾನೇ ಸರಿ ಮಾಡಿ ಚೀಟಿ ಅಂಟಿಸಿದ್ದ ಆ ಟ್ಯಾಕ್ಸಿಯನ್ನು ಮೇಸ್ತ್ರಿ ಬೈಪಾಸಿಗೆ ಒಯ್ದ, ಅರವತ್ತಕ್ಕೆ ಅರವತ್ತು ಬಂತು, ಎರಡು ವಾಕ್ಯ ಬರೆದುಕೊಟ್ಟ: 'ಮೀಟರ್ ಸರಿಯಾಗಿದೆ. ಚಾಲಕ ಹೇಳುತ್ತಿರುವುದು ಸುಳ್ಳು.' ಎರಡನೆಯ ವಾಕ್ಯವನ್ನು ಅವನಿಂದ ಯಾರೂ ಕೇಳಿರಲಿಲ್ಲ. ತಪ್ಪಿನ ಜೊತೆ ಸುಳ್ಳೂ ಸೇರಿದ್ದರಿಂದ ಆಮೆಯ ಲೈಸೆನ್ಸ್ ಕಾಯಮ್ಮಾಗಿ ಹೋಯಿತು. ಆಮೆಗೂ ರೆಕ್ಕೆ ಬಂತು ಎಂದು ಸ್ಟ್ಯಾಂಡಿನವರು ಒಂದು ವಾರ ನಕ್ಕರು, ಅವನು ಟ್ಯಾಕ್ಸಿ ಮಾರಿದ, ಆಮೇಲೆ ಅವನ ಸುದ್ದಿ ಯಾರಿಗೂ ಬೇಕಾಗಲಿಲ್ಲ.

ಈಗ ಅದೇ ಮಾತು ಅಳಿಯನ ಬಾಯಲ್ಲಿ ಬಂತು.

ಅಳಿಯ ಶಾಲೆಯ ವ್ಯಾನ್ ಓಡಿಸುವವನು. ಒಂದೂವರೆ ವರ್ಷದ ಹಿಂದೆ ಹಳೆಯ ವ್ಯಾನ್ ಕೊಂಡಾಗ ಮೀಟರನ್ನು ಮಾವನೇ ಸರಿ ಮಾಡಿ ಚೀಟಿ ಅಂಟಿಸಿದ್ದ. ಮೂರು ತಿಂಗಳ ಹಿಂದೆ ಶಾಲೆಯ ರಸ್ತೆಗೆ ಕ್ಯಾಮೆರಾ ಹಾಕಿದರು. ಅಲ್ಲಿ ಮಿತಿ ನಲವತ್ತು, ಎರಡು ಹೆಚ್ಚಾದರೆ ಬಿಡುತ್ತಾರೆ, ನಾಲ್ಕು ಹೆಚ್ಚಾದರೆ ಬಿಡುವುದಿಲ್ಲ. ಅಳಿಯನಿಗೆ ಮೂರನೆಯ ನೋಟಿಸು ಬಂತು. ಮೂರಾದರೆ ಆರು ತಿಂಗಳು ಲೈಸೆನ್ಸ್ ಇಲ್ಲ. ಆರು ತಿಂಗಳು ಕಾಯಲು ಶಾಲೆಯವರೇನು ಅವನ ನೆಂಟರಲ್ಲ. ಬೇರೆ ವ್ಯಾನ್ ನೋಡಿಕೊಳ್ಳುತ್ತಾರೆ, ಮಗಳ ಸಂಸಾರ ಬೀದಿಗೆ ಬರುತ್ತದೆ. ಮಂಗಳವಾರ ವಿಚಾರಣೆ. ಮೀಟರ್ ಹೇಗಿದೆಯೆಂದು ಮೇಸ್ತ್ರಿಯ ಕಾಗದ ತರಬೇಕು ಎಂದು ನೋಟಿಸಿನ ಕೊನೆಯಲ್ಲಿ ಬರೆದಿತ್ತು.

ಶುಕ್ರವಾರ ಸಂಜೆ ಮಗಳು ಅಳಿಯ ಇಬ್ಬರೂ ಬಂದು ನಡುಮನೆಯಲ್ಲಿ ಕೂತರು. ಹೊಲಿಗೆ ಯಂತ್ರದ ಸದ್ದು ನಿಂತಿತು.

"ಮಾವ, ನಿಮ್ಮಾಣೆಗೂ ಮುಳ್ಳು ನಲವತ್ತರ ಮೇಲೇ ಇತ್ತು," ಎಂದ ಅಳಿಯ.

"ಕುಣೀಲಾರದವಳು ನೆಲ ಡೊಂಕು ಅಂದಳಂತೆ," ಎಂದ ಮೇಸ್ತ್ರಿ.

"ಫೋನಲ್ಲೂ ನೋಡಿದೆ. ಮುಳ್ಳು ನಲವತ್ತು ಅಂದ್ರೆ ಫೋನು ನಲವತ್ನಾಲ್ಕು ಅನ್ನುತ್ತೆ."

"ಹೋದ ತಿಂಗಳು ಮದುವೆ ಮನೆ ಅಂತ ನಿನ್ನನ್ನ ಕೋಳಿ ಫಾರಮ್ಮಿಗೆ ಕರಕೊಂಡು ಹೋಗಿದ್ದು ಇದೇ ಫೋನಲ್ವಾ?"

ಮಗಳಿಗೆ ನಗು ಬರಲಿಲ್ಲ. "ಅಪ್ಪ, ಇವರು ಸುಳ್ಳು ಹೇಳೋರಲ್ಲ."

"ಮೀಟರೂ ಹೇಳಲ್ಲ ಮಗಳೇ. ನಾನೇ ಕೂರಿಸಿದ್ದು."

"ಹಾಗಾದ್ರೆ ಇವರು ಸುಳ್ಳ ಅಂತ ಬರೆದುಕೊಡ್ತೀಯಾ?"

ಅಳಿಯ ಎಂದರೆ ಮೇಸ್ತ್ರಿಗೆ ಇಷ್ಟವೇ. ಆದರೆ ಮೂವತ್ತೆರಡು ವರ್ಷದಲ್ಲಿ ಒಂದು ಸಲವೂ ನೆಂಟಸ್ತಿಕೆ ನೋಡಿ ಕಾಗದ ಬರೆದವನಲ್ಲ, ಬರೆದರೆ ಆಮೇಲೆ ಹಸಿರು ಚೀಟಿಗೂ ಬೆಂಕಿಪೊಟ್ಟಣದ ಚೀಟಿಗೂ ಏನು ವ್ಯತ್ಯಾಸ? "ಅಳಿಯನ ಕುರುಡು ಬೆಳಗಾದರೆ ಗೊತ್ತಾಗುತ್ತೆ. ನಾಳೆ ವ್ಯಾನ್ ತಗೊಂಡು ಬೈಪಾಸಿಗೆ ಹೋಗೋಣ, ಏನು ಬರುತ್ತೋ ಅದನ್ನ ಬರೀತೀನಿ," ಎಂದ.

"ನಾನೂ ಬರ್ತೀನಿ," ಎಂದಳು ಹೆಂಡತಿ. "ವಾಚು ನಾನೇ ಹಿಡೀತೀನಿ. ಮಾವ ಅಳಿಯ ಇಬ್ರೇ ಹೋದ್ರೆ ಆಮೇಲೆ ಇಬ್ಬರಲ್ಲಿ ಯಾರನ್ನ ನಂಬೋದು?"

ಶನಿವಾರ ಬೆಳಿಗ್ಗೆ ಅವಳನ್ನು ವ್ಯಾನಿನ ಮುಂದಿನ ಸೀಟಿಗೆ ಹತ್ತಿಸುವುದಕ್ಕೇ ಐದು ನಿಮಿಷ ಹಿಡಿಯಿತು. ಅಳಿಯ ಹಿಂದೆ ಮಕ್ಕಳ ಸೀಟಿನಲ್ಲಿ, ಮಂಡಿ ಎದೆಗೆ ತಾಗುವ ಹಾಗೆ, ಯಾವುದೋ ಮಗು ಬಿಟ್ಟುಹೋದ ನೀರಿನ ಬಾಟಲಿ ಹಿಡಿದು ಕೂತ. ಮೇಸ್ತ್ರಿ ಒಂಬತ್ತನೆಯ ಕಲ್ಲಿಗಿಂತ ಬಹಳ ಮುಂಚೆಯೇ ಮುಳ್ಳನ್ನು ಅರವತ್ತಕ್ಕೆ ತಂದು ನಿಲ್ಲಿಸಿದ. ಅವನ ಕಾಲು ಎಂದರೆ ಕಾಲು; ಮುಳ್ಳು ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತು. ಕಲ್ಲು ದಾಟಿತು, ಹೆಂಡತಿ ವಾಚು ಒತ್ತಿದಳು. ಹತ್ತನೆಯ ಕಲ್ಲು ಬಂತು, ಮತ್ತೆ ಒತ್ತಿದಳು. ಅರವತ್ತು.

ಮೇಸ್ತ್ರಿ ಗಾಡಿ ಬದಿಗೆ ನಿಲ್ಲಿಸಿ ಕನ್ನಡಿಯಲ್ಲಿ ಅಳಿಯನ ಮುಖ ನೋಡಿದ. ಗೆದ್ದ ಖುಷಿ ಬರಬೇಕಾಗಿತ್ತು, ಬರಲಿಲ್ಲ. ಅಳಿಯ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಿದ್ದ.

"ರೀ," ಎಂದಳು ಹೆಂಡತಿ, ವಾಚಿನಿಂದ ಕಣ್ಣೆತ್ತದೆ. "ಹತ್ತನೇ ಕಲ್ಲಿನ ಹತ್ರ ಮೋರಿ ಮೇಲೆ ಗಾಡಿ ದಡ್ ಅನ್ನುತ್ತಲ್ಲ, ಅದು ಮೊದಲೆಲ್ಲ ಯಾವಾಗ ಅಂತಿತ್ತು?"

"ಯಾವಾಗ ಅಂದ್ರೆ? ಮೋರಿ ಬಂದಾಗ."

"ನಾನು ವಾಚು ಒತ್ತಿದ ಮೇಲೆ ಅಂತಿತ್ತು. ಮೊದಲು ಕಲ್ಲು, ಆಮೇಲೆ ದಡ್. ಇಪ್ಪತ್ತೇಳು ವರ್ಷ ಈ ಬೆರಳಿಗೆ ಅದೇ ಅಭ್ಯಾಸ. ಇವತ್ತು ದಡ್ ಅಂತು, ಆಮೇಲೆ ಕಲ್ಲು ಬಂತು."

"ಕಲ್ಲೇನು ಕಾಲು ಬಂದು ನಡೆದುಕೊಂಡು ಹೋಗುತ್ತೇನೆ?"

"ನಡೆಯಲ್ಲ. ಎತ್ತಿಡ್ತಾರೆ."

"ಅದು ಸರ್ಕಾರದ ಕಲ್ಲು ಕಣೇ."

"ಸರ್ಕಾರದ ಕಲ್ಲನ್ನ ಸರ್ಕಾರದೋರೇ ಎತ್ತಿಡ್ತಾರೆ. ನನ್ನ ಟೇಪನ್ನ ವರ್ಷಕ್ಕೊಂದು ಸಲ ಬಿಸಾಕ್ತೀನಲ್ಲ, ಯಾಕೆ? ಹಿಗ್ಗುತ್ತೆ. ಅದನ್ನೇ ನಂಬಿಕೊಂಡ್ರೆ ಊರಿನೋರ ರವಿಕೆಯೆಲ್ಲ ಒಂದೇ ಥರ ದೊಗಲೆ ಆಗುತ್ತೆ, ಯಾರಿಗೂ ಗೊತ್ತೂ ಆಗಲ್ಲ. ಅಳೆಯೋದನ್ನೂ ಅಳೀಬೇಕು ರೀ."

ಕಂಪನಿ, ಪುಕ್ಕಲು, ಟೈರು ಎಲ್ಲ ಮೇಸ್ತ್ರಿಯ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತವು. ಅವನು ಗಾಡಿ ತಿರುಗಿಸಿದ.

ಆ ಮಧ್ಯಾಹ್ನ ಹೆಂಡತಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಟ್ಟೆ ಒಣಹಾಕುವ ತಂತಿಯ ಸುರುಳಿ ಬಿಚ್ಚಿ, ಕಬ್ಬಿಣದ ಮೀಟರ್ ಪಟ್ಟಿ ಇಟ್ಟು ಐವತ್ತು ಮೀಟರ್ ಅಳೆದಳು. ಬಟ್ಟೆಯ ಟೇಪನ್ನು ಮುಟ್ಟಲಿಲ್ಲ. ಐವತ್ತರದ್ದು ಇಪ್ಪತ್ತು ಸಲ ಹಾಸಿದರೆ ಒಂದು ಕಿಲೋಮೀಟರ್. ಲೆಕ್ಕ ತಪ್ಪಬಾರದೆಂದು ಡಬ್ಬಿಯಿಂದ ಇಪ್ಪತ್ತು ಬಿಳಿ ಗುಂಡಿ ಎಣಿಸಿ ಪರ್ಸಿಗೆ ಹಾಕಿಕೊಂಡಳು.

ಭಾನುವಾರ ಇನ್ನೂ ಗಾಡಿಗಳು ಏಳುವ ಮೊದಲೇ ನಾಲ್ವರೂ ಒಂಬತ್ತನೆಯ ಕಲ್ಲಿನ ಹತ್ತಿರ ಇದ್ದರು. ತಂತಿಯ ಒಂದು ತುದಿ ಮೇಸ್ತ್ರಿಯ ಕೈಯಲ್ಲಿ, ಇನ್ನೊಂದು ಅಳಿಯನ ಕೈಯಲ್ಲಿ. ಮೇಸ್ತ್ರಿ ಮುಂದೆ ಹೋಗಿ ಎಳೆದು ಹಿಡಿದು, ರಸ್ತೆಯಂಚಿಗೆ ಸೀಮೆಸುಣ್ಣದ ಗೆರೆ ಹಾಕುವುದು; ಅಳಿಯ ಆ ಗೆರೆಗೆ ಬಂದು ನಿಲ್ಲುವುದು; ಮತ್ತೆ ಮುಂದೆ. ಹಿಂದಿನಿಂದ ಮಗಳು ವ್ಯಾನಿನ ದೀಪ ಮಿನುಗಿಸುತ್ತ ಆಮೆಗಿಂತ ನಿಧಾನವಾಗಿ ಬರುತ್ತಿದ್ದಳು. ಮುಂದಿನ ಸೀಟಿನಲ್ಲಿ ಹೆಂಡತಿ ಒಂದೊಂದು ತಂತಿಗೆ ಒಂದೊಂದು ಗುಂಡಿಯನ್ನು ಪರ್ಸಿನಿಂದ ತೆಗೆದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಅರ್ಧ ದಾರಿ ಹೋಗುವಷ್ಟರಲ್ಲಿ ಮೇಸ್ತ್ರಿಗೆ ಏದುಸಿರು ಬಂತು. ಮೂವತ್ತೆರಡು ವರ್ಷ ಒಂದು ನಿಮಿಷದಲ್ಲಿ ದಾಟಿದ ದಾರಿ ಕಾಲಿಗೆ ಇಷ್ಟು ಉದ್ದ ಎಂದು ಅವನಿಗೆ ಗೊತ್ತಿರಲಿಲ್ಲ.

"ಗುಂಡಿ ಮುಗಿದ್ವು!" ಎಂದು ವ್ಯಾನಿನಿಂದ ಕೂಗು ಬಂತು.

ಮೇಸ್ತ್ರಿ ತಂತಿಯ ತುದಿ ಹಿಡಿದು ನಿಂತ ಕಡೆ ಕಲ್ಲು ಇರಲಿಲ್ಲ. ಮೋರಿ ಇನ್ನೂ ನಾಲ್ಕು ಹೆಜ್ಜೆ ಮುಂದಿತ್ತು. ಹತ್ತನೆಯ ಕಲ್ಲು ಮೋರಿಯ ಆಚೆ ದೂರದಲ್ಲಿ, ಹೊಸ ಬಣ್ಣದಲ್ಲಿ, ತನಗೇನೂ ಗೊತ್ತಿಲ್ಲವೆಂಬಂತೆ ನಿಂತಿತ್ತು. ಅಳಿಯ ಪಕ್ಕದ ಹುಲ್ಲನ್ನು ಕಾಲಿನಿಂದ ಸರಿಸಿದ. ಅಲ್ಲಿ ಗಾರೆಯ ಬುಡ ಒಂದು ಗೇಣು ಉಳಿದಿತ್ತು, ನಡುವೆ ಕಲ್ಲು ಕಿತ್ತ ಚೌಕಾಕಾರದ ಕುಳಿ. ಹಳೆಯ ಮನೆ ಬಿಡಿಸಿ ಕಲ್ಲಿಗೆ ಹೊಸ ಮನೆ ಕೊಟ್ಟಿದ್ದರು. ಅಲ್ಲಿಂದ ಹೊಸ ಜಾಗಕ್ಕೆ ಅಳೆದರು: ಸರಿಯಾಗಿ ಇನ್ನೆರಡು ತಂತಿ, ನೂರು ಮೀಟರ್.

ಈ ಸಲ ನಿಜವಾಗಿಯೂ ನೆಲವೇ ಡೊಂಕಾಗಿತ್ತು. ಸಾವಿರದ ನೂರು ಮೀಟರನ್ನು ಸಾವಿರ ಎಂದುಕೊಂಡವನು ಅರವತ್ತಾರನ್ನು ಅರವತ್ತು ಮಾಡುತ್ತಾನೆ. ನಲವತ್ತನಾಲ್ಕನ್ನು ನಲವತ್ತು ಮಾಡುತ್ತಾನೆ. ಲೆಕ್ಕ ಹಾಕಲು ಮೇಸ್ತ್ರಿಗೆ ಕಾಗದ ಬೇಕಾಗಲಿಲ್ಲ. ಅವನಿಗೆ ನಾಚಿಕೆಯಾಯಿತು. ಅಳಿಯನ ಮುಖ ನೋಡಲಾಗದೆ ತಂತಿ ಸುತ್ತುತ್ತ ನಿಂತ, ತಂತಿ ಸಿಕ್ಕುಗಟ್ಟಿತು.

ಹೆಂಡತಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಅಳಿಯನ ಕುರುಡು ಬೆಳಗಾದ್ರೆ ಗೊತ್ತಾಗುತ್ತೆ ಅಂದ್ರಲ್ಲ," ಎಂದಳು. "ಬೆಳಗಾಯ್ತು."

ಮಧ್ಯಾಹ್ನದ ಹೊತ್ತಿಗೆ ಅಳಿಯನಿಗೆ ಜೀವ ಬಂದಿತ್ತು. ಲೈಸೆನ್ಸ್ ಉಳಿಯುತ್ತದೆ ಎಂಬುದು ಖಾತ್ರಿಯಾದ ಮೇಲೆ ಮಾವನ ಮೇಲೂ ಕನಿಕರ ಬಂತು. ಒಳ್ಳೆಯ ಹುಡುಗನೇ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದ.

"ಮಾವ, ಕಾಗದದಲ್ಲಿ ಕಲ್ಲಿನ ವಿಷಯ ಯಾಕೆ? ಮೀಟರ್ ಒಳಗಿನ ಅಯಸ್ಕಾಂತ ಸೊರಗಿದೆ, ಅದಕ್ಕೆ ಮುಳ್ಳು ಕಡಿಮೆ ತೋರಿಸ್ತಿದೆ ಅಂತ ಬರೀರಿ. ಹಳೇ ಗಾಡಿ, ಯಾರು ಕೇಳ್ತಾರೆ? ಹಾವೂ ಸಾಯಬೇಕು, ಕೋಲೂ ಮುರೀಬಾರದು. ಉಳಿದ ಗಾಡಿಗಳು ಬಂದ ಹಾಗೆ ಒಂದೊಂದಾಗಿ ಸರಿ ಮಾಡಿಕೊಂಡ್ರಾಯ್ತು."

ಮಾತಿನಲ್ಲಿ ಹುಳುಕಿರಲಿಲ್ಲ. ಅಯಸ್ಕಾಂತ ಹಳೆಯದಾದರೆ ಸೊರಗುತ್ತದೆ, ಮುಳ್ಳು ಕೆಳಗಿಳಿಯುತ್ತದೆ. ಕಸುಬಿನವರೂ ಒಪ್ಪುವ ಕಾರಣ. ಮಗಳ ಮನೆ ಉಳಿಯುತ್ತದೆ, ಅವನ ಹೆಸರೂ ಉಳಿಯುತ್ತದೆ. ಮೇಸ್ತ್ರಿ ಕನ್ನಡಕ ಹಾಕಿಕೊಂಡು ಬರೆದ. ಮೂರು ಸಾಲು. ಅಕ್ಷರ ದುಂಡಗೆ ಬಂದವು. ಕೆಳಗೆ ಮೊಹರು ಒತ್ತಿ, ಶಾಯಿ ಆರಲೆಂದು ಮೇಜಿನ ಮೇಲೆ ಇಟ್ಟ.

ಹೆಂಡತಿ ಆ ಇಪ್ಪತ್ತು ಗುಂಡಿಗಳಲ್ಲಿ ಒಂದನ್ನು ಯಾರದೋ ಅಂಗಿಗೆ ಹೊಲಿಯುತ್ತಿದ್ದಳು. ಕಾಗದ ಓದಿದಳು. ದಾರವನ್ನು ಹಲ್ಲಿನಲ್ಲಿ ಕತ್ತರಿಸಿದಳು.

"ಆಮೆ ಗಾಡೀಲೂ ಅಯಸ್ಕಾಂತವೇ ಸೊರಗಿತ್ತಾ?" ಎಂದು ಕೇಳಿದಳು. ಕೇಳಿದ್ದು ಅಷ್ಟೇ. ಮುಂದಿನ ಗುಂಡಿಗೆ ಸೂಜಿ ಪೋಣಿಸಿದಳು.

ಮೇಸ್ತ್ರಿ ಸಂಜೆಯವರೆಗೆ ಅಂಗಳದಲ್ಲಿ ಕೂತಿದ್ದ. ಆಮೇಲೆ ಒಳಗೆ ಬಂದು ಕಾಗದ ಹರಿದು, ಬೇರೆ ಬರೆದ. ಇದರಲ್ಲಿ ಅಕ್ಷರ ಅಷ್ಟು ದುಂಡಗೆ ಬರಲಿಲ್ಲ.

ಮಂಗಳವಾರ ಸಾರಿಗೆ ಕಚೇರಿಯ ಮೇಡಂ ಆ ಕಾಗದವನ್ನು ಎರಡು ಸಲ ಓದಿದರು. ಅಳಿಯ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ.

"ನಾಲ್ಕು ವರ್ಷದಲ್ಲಿ ಎಷ್ಟು ಗಾಡಿಗೆ ಹೀಗೆ ಮಾಡಿದೀರಿ?" ಎಂದು ಮೇಡಂ ಕೇಳಿದರು.

"ಸಾವಿರದ ಮೇಲೆ."

"ಎಲ್ಲಾ ತಪ್ಪು?"

"ಎಲ್ಲಾ ಒಂದೇ ಥರ ತಪ್ಪು, ಮೇಡಂ."

ಮೇಡಂ ಎದ್ದು ಕಿಟಕಿಗೆ ಹೋಗಿ ಹೊರಗೆ ನಿಂತಿದ್ದ ತಮ್ಮ ಜೀಪನ್ನು ನೋಡಿದರು. "ನನ್ನ ಜೀಪಿಗೂ ಹಸಿರು ಚೀಟಿ..." ಎನ್ನುವಷ್ಟರಲ್ಲಿ ಅವರ ದನಿ ಅಲ್ಲೇ ತಗ್ಗಿತು.

"ಇದೆ ಮೇಡಂ. ಹೋದ ವರ್ಷ ನಾನೇ ಅಂಟಿಸಿದ್ದು."

"ನಾನು ದಿನಾ ಶಾಲೆ ರಸ್ತೇಲೇ ಬರೋದು."

ಮೇಸ್ತ್ರಿ ನೆಲ ನೋಡಿದ. ಸರ್ಕಾರಿ ಜೀಪಿಗೆ ಕ್ಯಾಮೆರಾದ ನೋಟಿಸು ಹೋಗುವುದಿಲ್ಲ ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೇಡಂ ವಾಪಸ್ ಬಂದು ಕೂತು ಅಳಿಯನ ನೋಟಿಸುಗಳ ಮೇಲೆ ಅಡ್ಡ ಗೆರೆ ಎಳೆದರು. ಇನ್ನು ಮುಂದೆ ಮೇಸ್ತ್ರಿಯ ಕಾಗದವನ್ನು ಕಚೇರಿ ಒಪ್ಪುವುದಿಲ್ಲ ಎಂದರು. ಹಸಿರು ಚೀಟಿಯ ಗಾಡಿಗಳನ್ನೆಲ್ಲ ಕರೆಸಿ ಪುಕ್ಕಟೆಯಾಗಿ ಸರಿ ಮಾಡಿಕೊಡಬೇಕು ಎಂದರು. ಮೇಸ್ತ್ರಿ ಎರಡಕ್ಕೂ ತಲೆಯಾಡಿಸಿದ. ಆಮೇಲೆ ಆಮೆಯ ವಿಷಯ ಎತ್ತಿದ.

"ಅದು ಮುಗಿದ ಫೈಲು," ಎಂದರು ಮೇಡಂ.

"ಮುಗಿಸಿದ್ದು ನನ್ನ ಕಾಗದ, ಮೇಡಂ."

ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಕಚ್ಚಿದರು. ಅರ್ಜಿ ಹಾಕಲಿ, ಈ ಕಾಗದವನ್ನೂ ಜೊತೆಗೆ ಇಡಲಿ, ನೋಡೋಣ ಎಂದು ಒಂದು ನಕಲಿಗೆ ಸಹಿ ಹಾಕಿಕೊಟ್ಟರು. ಹೊರಗೆ ಬಂದ ಮೇಲೆ ಅಳಿಯ ಮಾವನ ಕಾಲಿಗೆ ಬೀಳಲು ಬಗ್ಗಿದ. ಮೇಸ್ತ್ರಿ ಅವನ ಭುಜ ಹಿಡಿದು ಎತ್ತಿ, "ನಿನ್ನನ್ನ ಸುಳ್ಳ ಅಂದೆನಲ್ಲಪ್ಪ, ತಪ್ಪಾಯ್ತು," ಎಂದ. ಇಬ್ಬರಿಗೂ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಆಮೆ ಸಿಕ್ಕಿದ್ದು ಐದು ಮಹಡಿಯ ಬಟ್ಟೆ ಅಂಗಡಿಯಲ್ಲಿ. ಅಲ್ಲಿನ ಲಿಫ್ಟಿನೊಳಗೆ, ನೀಲಿ ಅಂಗಿ ಹಾಕಿಕೊಂಡು, ಗುಂಡಿಗಳ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಮೇಸ್ತ್ರಿಯನ್ನು ಕನ್ನಡಿಯಲ್ಲೇ ಗುರುತಿಸಿದ, ತಿರುಗಲಿಲ್ಲ.

"ಯಾವ ಮಹಡಿ?"

"ಮಹಡಿ ಬೇಡ. ನಿನ್ನ ಹತ್ರ ಮಾತಾಡಬೇಕು."

"ಲಿಫ್ಟ್ ಹತ್ತಿದ ಮೇಲೆ ಮಹಡಿ ಹೇಳಲೇಬೇಕು."

"ಹಾಗಾದ್ರೆ ಐದು."

ಐದಕ್ಕೆ ಹೋಗುವುದರೊಳಗೆ ಮೇಸ್ತ್ರಿ ಕಲ್ಲು ಎತ್ತಿಟ್ಟಿದ್ದನ್ನು ಹೇಳಿದ. ಅಲ್ಲಿ ಇಬ್ಬರು ಹೆಂಗಸರು ಚೀಲಗಳೊಂದಿಗೆ ಹತ್ತಿದರು, ಮಾತು ನಿಂತಿತು. ನೆಲಮಹಡಿಯಲ್ಲಿ ಅವರು ಇಳಿದರು; ತಂತಿಯ ವಿಷಯ ಹೇಳಿದ. ಮೂರರಲ್ಲಿ ಒಂದು ಸಂಸಾರವೇ ಹತ್ತಿತು. ಅವರೆಲ್ಲ ಇಳಿದ ಮೇಲೆ ಮೇಸ್ತ್ರಿ ನಕಲನ್ನು ಜೇಬಿನಿಂದ ತೆಗೆದು ಕೊಟ್ಟ. ಆಮೆ ಅದನ್ನು ಓದುವಾಗ ಲಿಫ್ಟು ಎರಡು ಮತ್ತು ಮೂರರ ನಡುವೆ ಎಲ್ಲೋ ಇತ್ತು.

"ಮೀಟರ್ ತಪ್ಪಿತ್ತು ಅಂತ ಬರೆದಿದೀರಿ," ಎಂದ ಆಮೆ.

"ಕೊನೇ ಸಾಲೂ ಓದು."

'ಚಾಲಕ ಹೇಳಿದ್ದು ನಿಜ' ಎಂದು ಕೊನೆಯ ಸಾಲು. ಅದನ್ನೂ ಯಾರೂ ಕೇಳಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋದದ್ದು ಈ ಒಂದು ಸಾಲಿಗೆ ಬರುವುದಿಲ್ಲವೆಂದು ಮೇಸ್ತ್ರಿಗೆ ಗೊತ್ತಿತ್ತು.

ಆಮೆ ಕಾಗದ ಮಡಿಸಿದ. "ಮೊದಲು ಒಂದು ತಿಂಗಳು ನಿಮ್ಮನ್ನ ಬೈದೆ," ಎಂದ. "ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ಯೋಚನೆ ಮಾಡಿದೆ. ಮೇಸ್ತ್ರಿ ಒಂದು ಸಲವೂ ತಪ್ಪಿದೋನಲ್ಲ. ಹಾಗಾದ್ರೆ ನನ್ನ ಕಾಲೇ ಕೆಟ್ಟಿರಬೇಕು. ನಾನು ಹೇಳದೇ ಇದ್ರೂ ಅದೇ ಒತ್ತುತ್ತಾ ಅಂತ ಮನೇಲಿ ಕೂತು ನೆಲ ಒತ್ತಿ ಒತ್ತಿ ನೋಡ್ತಿದ್ದೆ. ಡಾಕ್ಟರಿಗೂ ತೋರಿಸಿದೆ."

"ಡಾಕ್ಟರ್ ಏನಂದ್ರು?"

"ಕಾಲು ಚೆನ್ನಾಗಿದೆ ಅಂದ್ರು. ನಾನು ಡಾಕ್ಟರನ್ನ ನಂಬಲಿಲ್ಲ. ನಿಮ್ಮನ್ನ ನಂಬಿದೆ."

ಬಾಗಿಲು ತೆರೆಯಿತು. ಯಾರೂ ಹತ್ತಲಿಲ್ಲ. ಮತ್ತೆ ಮುಚ್ಚಿತು.

"ನನ್ನ ಹೆಂಡತಿ ಈಗಲೂ ರಸ್ತೆ ದಾಟುವಾಗ ನನ್ನ ಕೈ ಹಿಡ್ಕೋತಾಳೆ," ಎಂದ ಆಮೆ. "ಕಾಲು ಸರಿ ಇಲ್ಲ ಅಂತ ನಾನೇ ಹೇಳಿದ್ದೆ. ನೀವು ಮನೆಗೆ ಬಂದು ಈ ಮಾತನ್ನ ಅವಳ ಮುಂದೆ ಹೇಳ್ತೀರಾ?"

"ಹೇಳ್ತೀನಿ."

"ಆರು ಗಂಟೆಗೆ ನನ್ನ ಕೆಲಸ ಮುಗಿಯುತ್ತೆ."

ಆರು ಗಂಟೆಯವರೆಗೆ ಮೇಸ್ತ್ರಿ ಲಿಫ್ಟಿನ ಮೂಲೆಯಲ್ಲೇ ನಿಂತು, ಮೇಲೆ ಕೆಳಗೆ ಹೋಗುತ್ತಿದ್ದ. ಗಿರಾಕಿಗಳು ಅವನನ್ನೂ ಅಂಗಡಿಯ ಕೆಲಸದವನೆಂದುಕೊಂಡು ಮಹಡಿ ಹೇಳಿದರು. ಕೆಲಸ ಮುಗಿದ ಮೇಲೆ ಇಬ್ಬರೂ ಮೇಸ್ತ್ರಿಯ ಹಳೆಯ ಕಾರಿನಲ್ಲಿ ಹೊರಟರು. ಆಮೆಗೆ ಲೈಸೆನ್ಸ್ ಇಲ್ಲದ್ದರಿಂದ ಅವನು ಪಕ್ಕದ ಸೀಟಿನಲ್ಲಿ ಕೂತ. ಹಸಿರು ಚೀಟಿ ಕಿತ್ತ ಅಂಟಿನ ಕಲೆ ಗಾಜಿನ ಮೂಲೆಯಲ್ಲಿ ಕಾಣುತ್ತಿತ್ತು. ಭಾನುವಾರ ಸಂಜೆಯೇ, ಬೇರೆ ಯಾರ ಗಾಡಿಗೂ ಮೊದಲು, ಮೇಸ್ತ್ರಿ ತನ್ನ ಮೀಟರ್ ಸರಿ ಮಾಡಿಕೊಂಡಿದ್ದ.

ಬಹಳ ಹೊತ್ತಿನ ಮೇಲೆ ಆಮೆ ಮುಳ್ಳಿನ ಕಡೆ ಬಗ್ಗಿ ನೋಡಿದ.

"ನಲವತ್ತು," ಎಂದ. "ನಿಜವಾದ ನಲವತ್ತಾ?"

"ನಿಜವಾದದ್ದು."

ಆಮೆ ಒರಗಿ ಕೂತ. ಮುಂದೆ ಸಿಗ್ನಲ್ಲಿನ ದೀಪ ಕೆಂಪಾಯಿತು. ಮೇಸ್ತ್ರಿ ಬ್ರೇಕಿನ ಮೇಲೆ ಕಾಲಿಡುವ ಮೊದಲೇ, ಪಕ್ಕದ ಸೀಟಿನ ಮುಂದೆ, ಏನೂ ಇಲ್ಲದ ಬರಿಯ ನೆಲದ ಮೇಲೆ, ಆಮೆಯ ಬಲಗಾಲು ತಾನಾಗಿ ಬಂದು ಮೆಲ್ಲಗೆ ಒತ್ತಿತು. ಎಲ್ಲಿ ಒತ್ತಬೇಕೋ ಸರಿಯಾಗಿ ಅಲ್ಲೇ, ಎಷ್ಟು ಒತ್ತಬೇಕೋ ಅಷ್ಟೇ.